ಎರಡನೇ ಸಲ ಕೇಳದ ಕಂಪನಿ

ಒಂದು ಮಾತು ನೇರವಾಗಿ ಕೇಳುತ್ತೇನೆ, ನಿಜ ಹೇಳಿ. ಯಾರದೋ ಮನೆಗೆ ಹೋಗಿದ್ದೀರಿ. ಹೊಟ್ಟೆ ಚುರುಗುಟ್ಟುತ್ತಿದೆ, ಒಳಗಿಂದ ಒಗ್ಗರಣೆ ಘಮ ಬರುತ್ತಿದೆ. ಅವರು ಬಂದು "ಊಟ ಮಾಡ್ತೀರಾ?" ಅಂದರು. ನಿಮ್ಮ ಬಾಯಿ ನಿಮ್ಮನ್ನು ಒಂದು ಮಾತೂ ಕೇಳದೆ "ಇಲ್ಲ ಇಲ್ಲ, ಈಗ ತಾನೇ ಮುಗಿಸಿಕೊಂಡು ಬಂದೆ" ಅಂದುಬಿಟ್ಟಿತು. ಆಗಿದೆಯಾ, ಇಲ್ಲವಾ? ಆಮೇಲೆ ಇನ್ನೊಂದು ಸಲ ಕೇಳಲಿ ಅಂತ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದೀರಾ, ಇಲ್ಲವಾ?

ನಾನು ಕೂತಿದ್ದೇನೆ. ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು ಯಾರಾದರೂ "ನಾನು ಹಾಗೆ ಮಾಡಿಲ್ಲ" ಅಂದರೆ ನಾನು ನಂಬುವುದಿಲ್ಲ.

ಹೋದ ವಾರ ಜಡಿಮಳೆ ಹಿಡಿದಿತ್ತಲ್ಲ, ಮಹಡಿ ರೂಮಿನ ಕಿಟಕಿ ಬಡಿದುಕೊಳ್ಳುತ್ತಿದೆ ಅಂತ ಮೇಲೆ ಹೋದೆ. ಬಾಗಿಲು ತೆಗೆದರೆ ಹುಣಸೆಹಣ್ಣಿನ ವಾಸನೆ ಮುಖಕ್ಕೇ ಬಂತು. ಈಗ ಅಲ್ಲಿ ಹುಣಸೆ ಇಲ್ಲ. ನಮ್ಮ ಯಜಮಾನರದು ಹುಣಸೆ ವ್ಯಾಪಾರ. ಮೂಟೆಗಳೆಲ್ಲ ಗೋಡೌನಿಗೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಗಾರೆ ಗೋಡೆ ಕುಡಿದಿಟ್ಟುಕೊಂಡ ಹುಳಿ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ತೇವ ಬಿದ್ದಾಗೆಲ್ಲ ಹೊರಗೆ ಬರುತ್ತದೆ. ಅದರ ಜೊತೆಗೆ ಆ ಮಳೆಗಾಲವೂ ಬಂತು. ಕಿಟಕಿ ಹಾಕಿದವಳು ಅಲ್ಲೇ ಕೂತುಬಿಟ್ಟೆ.

ಮೂರು ವರ್ಷದ ಹಿಂದಿನ ಮಾತು. ಹೊನ್ನೂರಿನಿಂದ ನಮ್ಮ ಅಣ್ಣನ ಮಗ ಪ್ರವೀಣ ಫೋನ್ ಮಾಡಿದ. "ಅತ್ತೆ, ನಿಮ್ ಮ್ಯಾಲಿನ ರೂಮು ಖಾಲಿ ಅದಾ?"

"ಹುಣ್ಸೆ ಅದ. ಹುಣ್ಸೆ ಜೊತೆ ಕೂರಂಗಿದ್ರೆ ಬಾ."

ಅವನಿಗೆ ಬೇಕಿದ್ದದ್ದು ರೂಮಲ್ಲ, ನಮ್ಮ ಇಂಟರ್ನೆಟ್ಟು. ಮಗಳ ಆನ್‌ಲೈನ್ ಕ್ಲಾಸಿಗೆ ಹಾಕಿಸಿದ್ದ ಲೈನು, ಅವಳು ಹಾಸ್ಟೆಲಿಗೆ ಹೋದ ಮೇಲೆ ಸುಮ್ಮನೆ ಬಿದ್ದಿತ್ತು. ಬೆಂಗಳೂರಿನ ಯಾವುದೋ ಟೆಕ್ ಕಂಪನಿ ಅನಲಿಸ್ಟ್ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿದೆ, ಮನೆಯಲ್ಲೇ ಕೂತು ಮಾಡುವ ಕೆಲಸ, ಇಂಟರ್ವ್ಯೂ ಕೂಡ ಕಂಪ್ಯೂಟರಿನಲ್ಲೇ, ಊರಲ್ಲಿ ಮಳೆ ಬಂದರೆ ಸಿಗ್ನಲ್ ಸತ್ತುಹೋಗುತ್ತದೆ ಅಂತ ವಿವರಿಸಿದ. ಪಕ್ಕದಲ್ಲೇ ಕೂತಿದ್ದ ಯಜಮಾನರು ಫೋನಿಗೆ ಬಾಯಿ ಹಾಕಿದರು. "ಅನಲಿಸ್ಟ್ ಅಂದ್ರೆ ಏನ್ಲಾ ಮಾಡದು?"

"ಅಂಕಿಸಂಖ್ಯೆ ನೋಡಿ, ವ್ಯಾಪಾರ ಯಾಕ್ ಬಿತ್ತು, ಯಾಕ್ ಎದ್ದುತು ಅಂತ ಹೇಳದು ಮಾವ."

"ಬಿದ್ದ ಮ್ಯಾಲೆ ಹೇಳಕ್ಕೆ ಸಂಬ್ಳ ಬ್ಯಾರೆನಾ. ನಿಮ್ಮತ್ತೆ ಪುಕ್ಸಟ್ಟೆ ಹೇಳ್ತಳೆ."

ಪ್ರವೀಣ ಒಬ್ಬನೇ ಬರಲಿಲ್ಲ. ಆನ್‌ಲೈನಿನಲ್ಲಿ ಈ ಕೆಲಸದ ಕೋರ್ಸ್ ಮಾಡುವಾಗ ಪರಿಚಯವಾದ ಚಂದ್ರಕಲಾಳನ್ನೂ ಕರೆದುಕೊಂಡು ಬಂದ. ಅವಳು ಹನೂರು ತಾಲ್ಲೂಕಿನ ಅಜ್ಜೀಪುರದವಳು. ಬಿಎಸ್ಸಿ ಓದಿದ್ದಳು, ಮದುವೆಯಾಗಿತ್ತು, ನಾಲ್ಕು ವರ್ಷದ ಚಿನ್ನಿ ಅನ್ನೋ ಮಗಳಿದ್ದಳು. ಗಂಡ ಮಹೇಶ ಲಗೇಜ್ ಆಟೋ ಓಡಿಸುತ್ತಿದ್ದ. ಒಳಗೆ ಬಂದವಳು ಮೂಟೆಗಳ ಸಂದಿಯಲ್ಲಿ ನಿಂತೇ ಇದ್ದಳು.

"ಕೂತ್ಕವ್ವ. ಕಾಫಿ ತತ್ತೀನಿ."

"ಬ್ಯಾಡ ಅಕ್ಕ, ಈಗ್ತಾನೆ ಕುಡ್ಕಂಡೇ ಬಂದಿ."

ಅಜ್ಜೀಪುರದಿಂದ ಹನೂರಿಗೆ, ಹನೂರಿನಿಂದ ಕೊಳ್ಳೇಗಾಲಕ್ಕೆ ಬಸ್ಸಲ್ಲಿ ನಿಂತು ಬಂದವಳು ಈಗ ತಾನೇ ಎಲ್ಲಿ ಕುಡಿದಳು, ಕಂಡಕ್ಟರ್ ಕೊಟ್ಟನಾ? ನಾನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾಡಿ ತಂದು ಕೈಗಿಟ್ಟೆ, ಬಿಸಿ ಆರುವ ಮೊದಲೇ ಲೋಟ ಖಾಲಿಯಾಯಿತು. ನಮ್ಮಲ್ಲಿ ಹಾಗೆ ತಾನೇ? ಬೇಡ ಅನ್ನುವುದು ನೆಂಟರ ಕೆಲಸ, ಅದನ್ನು ಕೇಳದೆ ಇರುವುದು ಮನೆಯವರ ಕೆಲಸ.

ಎರಡನೇ ಸಲ ಬಂದಾಗ ಪ್ರವೀಣ ಕೆಳಗೆ ಹೋಗಿದ್ದ ಹೊತ್ತು ನೋಡಿ, ಈ ಕೆಲಸ ಅವಳಿಗೆ ಯಾಕಿಷ್ಟು ಬೇಕು ಅಂತ ಕೇಳಿದೆ. ಸುತ್ತು ಬಳಸು ನನಗೆ ಬರುವುದಿಲ್ಲ. ಅವಳು ಹೇಳಿದಳು. ಆಟೋಗೆ ಬಾಡಿಗೆ ಸರಿಯಾಗಿ ಸಿಗುತ್ತಿಲ್ಲ. ಮಹೇಶನ ಸ್ನೇಹಿತ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದಾನೆ. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಇದೆ, ಆಯುಧಪೂಜೆ ಮುಗಿಸಿಕೊಂಡು ಬನ್ನಿ ಅಂದಿದ್ದಾನೆ. ಆದರೆ ಅಲ್ಲಿ ಕೊಡುವ ರೂಮಿನಲ್ಲಿ ಇನ್ನೊಂದು ಜೋಡಿ ಇರುತ್ತದೆ, ಮಗುವನ್ನು ಇಟ್ಟುಕೊಳ್ಳುವಂತಿಲ್ಲ.

"ಚಿನ್ನೀನ ನಮ್ಮವ್ವನ ತಾವ ಬುಟ್ಟು ಓಗ್ಬೇಕು ಅಕ್ಕ. ಅವ್ಳಿಗಿನ್ನೂ ಹೇಳಿಲ್ಲ. ಈ ಕೆಲ್ಸ ಸಿಕ್ಬುಟ್ರೆ ಹೇಳದೇ ಬ್ಯಾಡ."

ಅಷ್ಟೇ ಹೇಳಿದಳು. ಅಳಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ ಏನೋ ಟೈಪ್ ಮಾಡತೊಡಗಿದಳು. ಅವತ್ತಿಂದ ಆ ರೂಮಿನ ಕಡೆ ಯಾರೂ ಸದ್ದು ಮಾಡದ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಮೂಟೆ ಇಳಿಸುವವರನ್ನೂ "ಮೆಲ್ಲುಕ್ ಇಳ್ಸ್ರಪ್ಪ, ಮ್ಯಾಲೆ ಪರೀಕ್ಸೆ" ಅಂತ ಗದರುತ್ತಿದ್ದೆ. ಅವರಿಗೆ ನಗು. ಹುಣಸೆ ಮೂಟೆ ಮೆಲ್ಲಗೆ ಇಳಿಸಿದರೂ ಒಂದೇ, ಜೋರಾಗಿ ಇಳಿಸಿದರೂ ಒಂದೇ, ಸದ್ದೇ ಬರುವುದಿಲ್ಲ.

ಬರೆಯುವ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರು. ಆಮೇಲೆ ಮುಖ ನೋಡಿ ಮಾತಾಡುವ ಇಂಟರ್ವ್ಯೂ. ಮೊದಲು ಪ್ರವೀಣನದು. ಇಸ್ತ್ರಿ ಅಂಗಿ ಹಾಕಿ, ಕೆಳಗೆ ಲುಂಗಿ ಉಟ್ಟು ಕೂತ. ಒಳ್ಳೆ ಮಾತುಗಾರ ಅವನು, ಆಗಿಯೇ ಆಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಹೊರಗೆ ಬಂದವನ ಮುಖ ನೋಡಿದರೆ ಹರಳೆಣ್ಣೆ ಕುಡಿದ ಹಾಗಿತ್ತು.

"ಏನಾಯ್ತ್ಲಾ?"

"ಒಂದು ಸಾಫ್ಟ್‌ವೇರ್ ಹೆಸ್ರು ಹೇಳಿ, ಗೊತ್ತಾ ಅಂದ್ರು ಅತ್ತೆ. ಚೆನ್ನಾಗಿ ಗೊತ್ತು ಅಂದಿ."

"ಗೊತ್ತಿತ್ತಾ?"

"ಹೆಸ್ರು ಗೊತ್ತಿತ್ತು. ಮಾಡಿ ತೋರ್ಸು ಅಂದ್ಬುಟ್ರು."

ಅವನ ಕಥೆ ಅಲ್ಲಿಗೆ ಮುಗಿಯಿತು. ಬೇಜಾರು ಮಾಡಿಕೊಳ್ಳುವ ಜಾತಿಯಲ್ಲ ಅವನು, ಮಧ್ಯಾಹ್ನ ನಮ್ಮನೆಯಲ್ಲೇ ಎರಡು ಮುದ್ದೆ ಉಂಡ. ಆದರೆ ಅವತ್ತಿನಿಂದ ಚಂದ್ರಕಲಾಳ ಇಂಟರ್ವ್ಯೂ ತನ್ನದೇ ಅನ್ನುವ ಹಾಗೆ ಹಿಡಿದುಕೊಂಡ. ಒಳ್ಳೆ ಹುಡುಗ.

ಅವಳ ಸರದಿಯ ದಿನ ಮಹೇಶನೇ ಆಟೋದಲ್ಲಿ ಕರೆದುಕೊಂಡು ಬಂದ. ಮಳೆ ಸುರಿಯುತ್ತಿತ್ತು. ಒಳಗೆ ಬಾ ಅಂದರೆ ಬರದೆ ಬಾಗಿಲ ಹತ್ತಿರ ನಿಲ್ಲಿಸಿದ ಆಟೋದ ಪಕ್ಕ, ಟಾರ್ಪಾಲಿನ ಕೆಳಗೇ ನಿಂತ. "ಆದ್ರೆ ಆಯ್ತು ಕಣಕ್ಕ, ಆಗ್ನಿಲ್ಲ ಅಂದ್ರೆ ತಿರುಪ್ಪೂರು ಅಂತೂ ಅದಲ್ಲ" ಅಂದ. ಧೈರ್ಯದ ಮಾತು. ಆದರೆ ಆಟೋದ ಕನ್ನಡಿಗೆ ಮಗಳ ಒಂದು ಪುಟ್ಟ ಚಪ್ಪಲಿ ಕಟ್ಟಿಕೊಂಡಿದ್ದನಲ್ಲ, ದೃಷ್ಟಿಗೆ ಅಂತ, ಮಾತಾಡುವಾಗೆಲ್ಲ ಅದನ್ನೇ ತಿರುಗಿಸುತ್ತ ನಿಂತಿದ್ದ.

ನಾನು ಮಹಡಿ ಮೆಟ್ಟಿಲ ಮೇಲೆ ಕೂತೆ. ಬಾಗಿಲಿಗೆ ಚಿಲಕ ಸರಿಯಿರಲಿಲ್ಲ, ಯಾರಾದರೂ ನುಗ್ಗಿಬಿಟ್ಟರೆ ಅಂತ. ಕದ್ದು ಕೇಳಬೇಕು ಅಂತೇನಲ್ಲ. ಕೇಳಿಸಿತು, ಕೇಳಿದೆ.

ಇಂಟರ್ವ್ಯೂ ಮಾಡುತ್ತಿದ್ದವಳು ಒಬ್ಬ ಹೆಂಗಸು, ಒಳ್ಳೆ ಮೆತ್ತಗಿನ ದನಿ. ಒಂದಷ್ಟು ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿ, ಇವಳು ತಡವರಿಸಿದ್ದು ನೋಡಿ, "ಕನ್ನಡದಲ್ಲೇ ಹೇಳ್ತೀರಾ? ನನಗೆ ಅರ್ಥ ಆಗುತ್ತೆ" ಅಂದಳು.

"ನೋ ಮೇಡಂ, ಪರವಾಗಿಲ್ಲ ಮೇಡಂ."

ಆಮೇಲೊಂದು ಪ್ರಶ್ನೆ. ಊಟ ತರಿಸಿಕೊಳ್ಳುವ ಆಪ್ ಇದೆ, ಒಂದು ಊರಿನಲ್ಲಿ ವಾರಕ್ಕೊಂದು ದಿನ ಮಾತ್ರ ಆರ್ಡರ್ ಅರ್ಧಕ್ಕೆ ಇಳಿಯುತ್ತದೆ, ಕಾರಣ ಹೇಗೆ ಹುಡುಕುತ್ತೀರಿ ಅಂತ. ಇವಳು ಏನೇನೋ ಹೇಳಿದಳು, ಅರ್ಧ ದಾರಿಗೆ ಬಂದು ನಿಂತುಹೋದಳು.

"ಯೋಚನೆ ಮಾಡೋಕೆ ಎರಡು ನಿಮಿಷ ಬೇಕಾ?"

"ಬೇಡ ಮೇಡಂ."

"ಒಂದು ಸುಳಿವು ಕೊಡ್ಲಾ?"

"ಬೇಡ ಮೇಡಂ, ಥ್ಯಾಂಕ್ಯೂ ಮೇಡಂ."

ನನಗೆ ಮೆಟ್ಟಿಲ ಮೇಲೆ ಕೂತಲ್ಲೇ ಚೇಳು ಕಡಿದ ಹಾಗಾಯಿತು. ಬೇಕಲ್ಲವೇನೇ! ಕೊನೆಗೆ ಆಯಮ್ಮ "ನಮ್ಮನ್ನ ಏನಾದ್ರೂ ಕೇಳಬೇಕಾ?" ಅಂದಾಗಲೂ ಇವಳದು ಅದೇ ರಾಗ, ಏನೂ ಇಲ್ಲ ಮೇಡಂ. ಮುಗಿಯಿತು. ಹೊರಗೆ ಬಂದಳು. "ತುಂಬಾ ಒಳ್ಳೆಯವ್ರು ಅಕ್ಕ, ಎಷ್ಟ್ ಮರ್ಯಾದೆ ಕೊಟ್ ಮಾತಾಡ್ಸುದ್ರು" ಅಂದಳು. ಅವಳ ಲೆಕ್ಕದಲ್ಲಿ ಅವಳೂ ಮರ್ಯಾದೆಯಾಗಿಯೇ ನಡೆದುಕೊಂಡಿದ್ದಳು. ಅದೇ ಬಂದ ಕಷ್ಟ.

ಒಂದು ವಾರ ಏನೂ ಸುದ್ದಿಯಿಲ್ಲ. ಅವಳು ಬೇರೊಂದು ಕಂಪನಿಯ ಪರೀಕ್ಷೆ ಬರೆಯಲು ಬಂದಿದ್ದ ದಿನ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಗ ಅವಳ ಫೋನ್ ಹೊಡೆದುಕೊಂಡಿತು. ನಾನು ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆ. ನನಗೆ ಕೇಳಿಸಿದ್ದು ಇವಳ ಮಾತು ಮಾತ್ರ.

"ಹೌದು ಮೇಡಂ… ಹೂಂ ಮೇಡಂ… ಅಯ್ಯೋ ಪರವಾಗಿಲ್ಲ ಬಿಡಿ ಮೇಡಂ, ನಿಮಗ್ಯಾಕೆ ತೊಂದರೆ… ಸರಿ ಮೇಡಂ."

ಫೋನ್ ಕೆಳಗಿಟ್ಟಳು.

"ಯಾರವ್ವ?"

"ಆ ಕಂಪ್ನಿಯವ್ರು. ಇಂಟರ್ವ್ಯೂ ಮಾಡ್ದೋರ್ಗೆ ಎರಡು ಮನ್ಸಂತೆ. ಇನ್ನೊಂದ್ ರೌಂಡ್ ಇಡ್ಲಾ, ನಿಮ್ಗೆ ಇಷ್ಟ ಅದಾ ಅಂದ್ರು."

"ನೀನೇನಂದೆ?"

"ನೀವೇ ಕೇಳುಸ್ಕಂಡ್ರಲ್ಲ ಅಕ್ಕ."

ಅವರೆಕಾಳಿನ ಪಾತ್ರೆ ಕೆಳಗಿಟ್ಟೆ. ಅವಳು ನನ್ನ ಮುಖ ನೋಡದೆ ಹೇಳಿದಳು. "ಇನ್ನೊಂದ್ ಕಿತ ಕೇಳ್ತರೆ ಅನ್ಕಂಡಿ. ಕೇಳ್ನೇ ಇಲ್ಲ. ಆಲ್ ದ ಬೆಸ್ಟ್ ಅಂತ ಮಡುಗ್ಬುಟ್ರು."

ನಗಬೇಡಿ. ಓದುವಾಗ ನಗು ಬರುತ್ತದೆ, ಎದುರಿಗೆ ನಿಂತವಳ ಮುಖ ನೋಡಿದ್ದರೆ ಬರುತ್ತಿರಲಿಲ್ಲ.

ಇದನ್ನು ಪೆದ್ದುತನ ಅನ್ನುವವರಿಗೆ ನಾನೊಂದು ಮಾತು ಹೇಳುತ್ತೇನೆ. ಹೊನ್ನೂರಿನ ನನ್ನ ತವರುಮನೆಯಲ್ಲಿ ನೆಂಟರು ಬಂದರೆ ಅವ್ವ "ಕಾಫಿ ಕುಡೀರಿ" ಅಂತ ಒಂದು ಸಲ ಅಂದು ಒಳಗೆ ಹೋಗುತ್ತಿದ್ದಳು. ಬಂದವರು "ಬ್ಯಾಡ ಬುಡವ್ವ" ಅನ್ನುತ್ತಿದ್ದರು. ಒಳಗೆ ಚೊಂಬಿನಲ್ಲಿ ಹಾಲಿದ್ದರೆ ಅವ್ವ ಹೊರಗೆ ಬಂದು ಇನ್ನೊಂದು ಸಲ ಬಲವಂತ ಮಾಡುತ್ತಿದ್ದಳು. ಹಾಲಿಲ್ಲದಿದ್ದರೆ ಬೇರೆ ಮಾತಿಗೆ ಹೋಗುತ್ತಿದ್ದಳು. ಬಂದವರಿಗೂ ಬೇಜಾರಿಲ್ಲ, ಅವ್ವನಿಗೂ ನಾಚಿಕೆಯಿಲ್ಲ. ಮೊದಲನೇ ಸಲದ ಆ "ಬ್ಯಾಡ" ಅನ್ನುವುದು ಸುಳ್ಳಲ್ಲ, ಬಿಂಕವೂ ಅಲ್ಲ. ನಿಮ್ಮ ಮನೆಯ ಚೊಂಬು ನಾನು ನೋಡುವುದಿಲ್ಲ ಅಂತ ನೆಂಟರು ಕೊಡುತ್ತಿದ್ದ ಮಾತು ಅದು. ಚಂದ್ರಕಲಾ ಬೆಳೆದದ್ದು ಇಂಥದ್ದೇ ಮನೆಯಲ್ಲಿ. ಆ ಕಂಪನಿಗೆ ಚೊಂಬೂ ಇಲ್ಲ, ಹಾಲಿನ ಚಿಂತೆಯೂ ಇಲ್ಲ. ಒಂದು ಸಲ ಕೇಳುತ್ತಾರೆ, ಬೇಡ ಅಂದರೆ ಬೇಡ ಅಂತ ಬರೆದುಕೊಂಡು ಮುಂದಿನವರಿಗೆ ಹೋಗುತ್ತಾರೆ. ಅವರದೂ ತಪ್ಪಲ್ಲ, ನನ್ನನ್ನು ಕೇಳಿದರೆ.

ಪ್ರವೀಣನಿಗೆ ಫೋನ್ ಮಾಡಿದೆ. ಅವನು ಸ್ಪೀಕರಿನಲ್ಲೇ ಕೂಗಿದ. "ಈಗ್ಲೇ ವಾಪಸ್ ಮಾಡ್ರಿ, ಬೇಕು ಅನ್ರಿ!"

"ಅದೆಂಗಾದದು?" ಅಂದಳು ಚಂದ್ರಕಲಾ. "ಬ್ಯಾಡ ಅಂತ ಬಾಯ್ಬುಟ್ಟು ಹೇಳಾಯ್ತು. ಈಗೋಗಿ ಬೇಕು ಅಂದ್ರೆ, ಎದ್ದು ಆಚ್ಗೆ ಬಂದು ಚಪ್ಲಿ ಮೆಟ್ಕಂಡ್ ಮ್ಯಾಲೆ ತಿರ್ಗ ಒಳಕ್ಕೋಗಿ ಕಾಫಿ ಕೊಡಿ ಅಂದಂಗೆ."

"ಓಗು. ಚಪ್ಲಿ ಮೆಟ್ಕಂಡೇ ಓಗಿ ಕೇಳು," ಅಂದೆ ನಾನು. "ಕಾಫಿ ಅಲ್ಲ ಕಣವ್ವ ಇದು. ಚಿನ್ನಿ."

ಅವಳು ನನ್ನನ್ನು ನೋಡಿದಳು. ಸಿಟ್ಟು ಬಂತೇನೋ. ಬರಲಿ. ಫೋನ್ ತಗೊಂಡು ಮಹಡಿಗೆ ಹೋದಳು. ಕೆಳಗೆ ಬಂದು ಹೇಳಿದಳು. "ಹೇಳ್ದಿ. ನಂಗೆ ಬೇಕು ಮೇಡಂ ಅಂದಿ. ಜಾಗ ಬ್ಯಾರೆಯೋರ್ಗೆ ಕೊಟ್ಟಾಯ್ತೇನೋ, ಕೇಳಿ ಹೇಳ್ತೀನಿ ಅಂದ್ರು."

ಆ ಕಾಯುವ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಮಳೆ ಬಿಡಲೇ ಇಲ್ಲ. ಮೂಟೆಗಳು ತೇವ ಹಿಡಿದು ಕಪ್ಪಾಗುತ್ತಿವೆ ಅಂತ ಯಜಮಾನರು ಗೊಣಗುತ್ತಿದ್ದರು. ಅತ್ತ ಮಹೇಶ ತಿರುಪ್ಪೂರಿನವನಿಗೆ ಬರುತ್ತೇವೆ ಅಂತ ಹೇಳಿಬಿಟ್ಟಿದ್ದ. ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು.

ಕೊನೆಗೆ ಕಂಪನಿಯವರು ಇನ್ನೊಂದು ದಿನ ಕೊಟ್ಟರು. ಆ ದಿನದೊಳಗೆ ಇವಳ ಬಾಯಿಂದ "ಬೇಡ" ಬಿಡಿಸಬೇಕು ಅಂತ ಪ್ರವೀಣ ಹಠ ಹಿಡಿದ. ಅವನ ಉಪಾಯವೇ ಉಪಾಯ. ನನ್ನ ಕೈಗೆ ಚಕ್ಕುಲಿ ತಟ್ಟೆ ಕೊಟ್ಟು, "ಅತ್ತೆ, ನೀವು ಒಂದೇ ಸಲ ಕೇಳ್ಬೇಕು. ತಕ್ಕಳ್ನಿಲ್ವಾ, ತಟ್ಟೆ ವಾಪಸ್" ಅಂದ.

"ಚಕ್ಲಿ ತಕ್ಕವ್ವ."

"ಇರ್ಲಿ ಅಕ್ಕ…"

"ಔಟ್," ಅಂದ ಪ್ರವೀಣ, ಆ ಚಕ್ಕುಲಿ ತಾನೇ ತಿಂದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಡಬ್ಬಿ ಅವನ ಹೊಟ್ಟೆ ಸೇರಿತ್ತು. ನನಗೂ ಸುಲಭವಿರಲಿಲ್ಲ, ಮನೆಗೆ ಬಂದವರ ಮುಂದೆ ಹಿಡಿದ ತಟ್ಟೆ ಹಿಂದಕ್ಕೆ ತೆಗೆದುಕೊಳ್ಳುವುದು ಅಂದರೆ ಕೈ ಬರುತ್ತಿರಲಿಲ್ಲ. ಸಂಜೆ ಹೊರಡುವಾಗ, ಇದ್ಯಾವುದೂ ಗೊತ್ತಿಲ್ಲದ ಯಜಮಾನರು "ಮಳೆ ಅದಲ್ಲವ್ವ, ಕೊಡೆ ಬೇಕಾ?" ಅಂದರು.

ಅವಳ ಬಾಯಿ ಅರ್ಧ ತೆರೆಯಿತು. ನಾವಿಬ್ಬರೂ ಅವಳ ಬಾಯನ್ನೇ ನೋಡಿದೆವು.

"ಬೇಕು ಅಣ್ಣ. ಕೊಡಿ."

ಯಜಮಾನರು ಒಂದು ಗಳಿಗೆ ತಬ್ಬಿಬ್ಬಾದರು. ಕೇಳುವುದು ಕೇಳಿದ್ದರು, ಅವರ ಹತ್ತಿರ ಇದ್ದದ್ದು ಒಂದೇ ಕೊಡೆ. ಮರುದಿನ ನೆನೆದುಕೊಂಡೇ ಮಂಡಿಗೆ ಹೋದರು, ನನ್ನನ್ನು ಬೈದುಕೊಂಡು.

ಎರಡನೇ ಇಂಟರ್ವ್ಯೂ ದಿನ ನಾನು ಮತ್ತೆ ಅದೇ ಮೆಟ್ಟಿಲ ಮೇಲೆ. ಅದೇ ಮೆತ್ತಗಿನ ದನಿ. ಶುರುವಿನಲ್ಲೇ ಇವಳು ಕೇಳಿದಳು. "ಮೇಡಂ, ಕಷ್ಟ ಆದ ಕಡೆ ಕನ್ನಡದಲ್ಲಿ ಮಾತಾಡ್ಲಾ?" ಆಯಮ್ಮ "ಧಾರಾಳವಾಗಿ" ಅಂದಳು. ಈ ಸಲ ಆಸ್ಪತ್ರೆಗೆ ಸಮಯ ಗೊತ್ತು ಮಾಡುವ ಆಪ್ ವಿಷಯ. ಜನ ಸಮಯ ಗೊತ್ತು ಮಾಡಿಕೊಂಡು ಬರುವುದೇ ಇಲ್ಲ, ಯಾಕೆ ಅಂತ. ಮಧ್ಯದಲ್ಲಿ ಇವಳು ನಿಂತಳು.

"ಇಲ್ಲಿಗೆ ಬಂದು ನಿಂತಿದ್ದೀನಿ ಮೇಡಂ. ಒಂದು ಸುಳಿವು ಕೊಡಿ."

ಕೊಟ್ಟರು. ಹೋದಳು ಮುಂದಕ್ಕೆ, ಏನೇನೋ ಹೇಳುತ್ತ, ನನಗೆ ಅರ್ಥವಾಗದ ಮಾತು. ಸರಿಯೋ ತಪ್ಪೋ ಗೊತ್ತಿಲ್ಲ, ಆದರೆ ದನಿಯಲ್ಲಿ ತಡವರಿಕೆ ಇರಲಿಲ್ಲ. ಕೊನೆಯಲ್ಲಿ ಏನಾದರೂ ಕೇಳಬೇಕಾ ಅಂದಾಗ, ಇವಳು ಕೇಳಿದ್ದು ನಮ್ಮ ಯಾರ ಪಾಠದಲ್ಲೂ ಇರಲಿಲ್ಲ.

"ನಮ್ಮೂರಲ್ಲಿ ಮಳೆ ಬಂದ್ರೆ ಕರೆಂಟೂ ಇರಲ್ಲ, ಸಿಗ್ನಲ್ಲೂ ಇರಲ್ಲ ಮೇಡಂ. ಈಗ ನಾನು ಕೂತಿರೋದು ಬೇರೆಯವರ ಮನೇಲಿ. ಕೆಲಸ ಕೊಟ್ಟರೆ ಆ ದಿನ ಏನ್ ಮಾಡಬೇಕು?"

ಎಂಥ ಪ್ರಶ್ನೆ ಕೇಳಿಬಿಟ್ಟಳಪ್ಪ, ಕೈಗೆ ಬಂದದ್ದು ಹೋಯಿತು ಅಂದುಕೊಂಡೆ. ಆದರೆ ಆಯಮ್ಮ, "ಇದನ್ನ ಮೊದಲೇ ಹೇಳಿದ್ದು ಒಳ್ಳೇದಾಯ್ತು" ಅಂದಳು. ಒಳ್ಳೆಯದಾಯಿತು ಅಂದರೆ ಯಾವ ಕಡೆಗೆ ಒಳ್ಳೆಯದು ಅಂತ ತಿಳಿಯದೆ ಅವಳು, ಪ್ರವೀಣ, ನಾನು ಮೂವರೂ ಒದ್ದಾಡಿದೆವು.

ಆಯುಧಪೂಜೆಗೆ ಮುಂಚಿನ ಒಂದು ಬೆಳಿಗ್ಗೆ, ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತಳು. ಜೊತೆಯಲ್ಲಿ ಚಿನ್ನಿ, ಎರಡು ಜಡೆ, ಮಳೆಗೆ ನೆನೆದ ಗೊಂಬೆ. ಹೊರಗೆ ಆಟೋ ನಿಂತಿತ್ತು. ಅವಳ ಮುಖ ನೋಡಿ ಏನೂ ಗೊತ್ತಾಗಲಿಲ್ಲ. ತಿರುಪ್ಪೂರಿಗೆ ಹೊರಟು, ಹೇಳಿ ಹೋಗಲು ಬಂದರೋ ಏನೋ ಅಂದುಕೊಂಡೆ. ಕೂರು ಅನ್ನುವ ಮೊದಲೇ ಕೂತಳು.

"ಅಕ್ಕ, ಒಂದ್ಲೋಟ ಕಾಫಿ ಕೊಡಿ. ಸಕ್ರೆ ಮುಂದಾಗಿರ್ಲಿ."

ನನಗೆ ಅಷ್ಟೇ ಸಾಕಾಯಿತು. ಮಿಕ್ಕದ್ದೆಲ್ಲ ಆಮೇಲೆ ಹೇಳಿದಳು. ಅವರು ಕೊಟ್ಟದ್ದು ಕಾಯಂ ಕೆಲಸವಲ್ಲ, ಒಂದು ವರ್ಷದ ಕಾಂಟ್ರಾಕ್ಟು, ಆಮೇಲೆ ನೋಡೋಣ ಅಂದಿದ್ದಾರೆ. ಮಳೆ ದಿನಕ್ಕೆ ಕೊಳ್ಳೇಗಾಲದ ನಮ್ಮ ರೂಮಿನಿಂದ ಮಾಡಬಹುದಂತೆ, ನನ್ನನ್ನು ಕೇಳಿ ಹೇಳುತ್ತೇನೆ ಅಂದು ಬಂದಿದ್ದಳು. ಕೇಳುವುದೇನು, ಬಾ ಅಂದೆ. ಮಹೇಶ ತಿರುಪ್ಪೂರಿನವನಿಗೆ ಬರುವುದಿಲ್ಲ ಅಂತ ಹೇಳಿಯಾಗಿತ್ತು. ಚಿನ್ನಿಗೆ ಯಾವುದನ್ನೂ ಹೇಳಬೇಕಾಗಿ ಬರಲಿಲ್ಲ. ಈಗ ಅವಳು ಅಜ್ಜೀಪುರದಲ್ಲೇ ಸ್ಕೂಲಿಗೆ ಹೋಗುತ್ತಾಳೆ. ಅಮ್ಮನ ಕಾಂಟ್ರಾಕ್ಟು ವರ್ಷ ವರ್ಷವೂ ಮುಂದಕ್ಕೆ ಹೋಗುತ್ತಿದೆ, ಪ್ರತಿ ವರ್ಷವೂ ಒಂದು ತಿಂಗಳು ಮನೆಯವರಿಗೆಲ್ಲ ನಿದ್ದೆಯಿರುವುದಿಲ್ಲ. ಅದೂ ಸತ್ಯವೇ, ಮುಚ್ಚಿಡುವುದೇಕೆ.

ಆದರೆ ಆ ಬೆಳಿಗ್ಗೆಯ ಕಥೆ ಇನ್ನೊಂದಿಷ್ಟು ಇದೆ. ಖುಷಿಯಲ್ಲಿ ಒಳಗೆ ಓಡಿ, ಒಲೆ ಹಚ್ಚಿ, ಪಾತ್ರೆ ಮುಚ್ಚಳ ತೆಗೆದರೆ, ಹಾಲಿಲ್ಲ. ಮಳೆಗೆ ಹಾಲಿನವನು ಬಂದಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಈ ಮಾತು ನಾನು ಯಾವ ನೆಂಟರಿಗೂ ಹೇಳಿದವಳಲ್ಲ. ಅವ್ವ ಮಾಡುತ್ತಿದ್ದ ಹಾಗೆ ಬೇರೆ ಮಾತಿಗೆ ಹೋಗೋಣವೆಂದರೆ ಇವಳು ಬಾಯಿಬಿಟ್ಟು ಕೇಳಿ ಕೂತಿದ್ದಾಳೆ. ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದೆ.

"ಹಾಲಿಲ್ಲ ಕಣವ್ವ. ಕರೀ ಕಾಫಿ ಕುಡಿತೀಯಾ?"

"ಕುಡಿತೀನಿ ಅಕ್ಕ," ಅಂದಳು, ಮೊದಲನೇ ಸಲಕ್ಕೇ.

ಇಬ್ಬರೂ ಕುಡಿದೆವು. ಸಕ್ಕರೆ ಜಾಸ್ತಿ ಹಾಕಿದರೂ ಕಹಿ ಇತ್ತು, ಚೆನ್ನಾಗಿತ್ತು.

ಇನ್ನು ನಿಮ್ಮ ಸರದಿ. ಇಂಟರ್ವ್ಯೂನಲ್ಲೋ ಆಫೀಸಿನಲ್ಲೋ ಹೆಣ್ಣು ನೋಡಲು ಹೋದ ಮನೆಯಲ್ಲೋ, ಬೇಕಾದ್ದಕ್ಕೆ ಬೇಡ ಅಂದು ಏನು ಕಳೆದುಕೊಂಡಿರಿ? ತಿರುಗಿ ಹೋಗಿ ಕೇಳಿದಿರಾ, ಕೇಳಿದರೆ ಕೊಟ್ಟರಾ? ಕೆಳಗೆ ಬರೆಯಿರಿ, ನಾನು ಒಂದೊಂದನ್ನೂ ಕೂತು ಓದುತ್ತೇನೆ. ಮೇಜಿನ ಆ ಕಡೆ ಕೂತು ಕೆಲಸ ಕೊಡುವವರು ಯಾರಾದರೂ ಇದ್ದರೆ ನೀವೂ ಬರೆಯಿರಿ, "ಬೇಡ ಮೇಡಂ" ಅಂದವರನ್ನು ಎಂದಾದರೂ ಇನ್ನೊಂದು ಸಲ ಕೇಳಿ ನೋಡಿದ್ದೀರಾ ಅಂತ. ಬರೆಯುವುದಕ್ಕೆ ಏನೂ ಇಲ್ಲ ಅಂತ ಮಾತ್ರ ಅನ್ನಬೇಡಿ. ನಾನು ಹಳೇ ಕಾಲದವಳು, ಹಾಗಂದವರನ್ನು ಇನ್ನೆರಡು ಸಲ ಕೇಳುತ್ತೇನೆ.